ಹಲಗಿಗೆ ಹುಲ್ಲು ಕೊಟ್ಟ ಮನೆ

ಕಂತು ಒಂಬತ್ತು

“ಹಲಗಿಗೆ ಹುಲ್ಲು ಕೊಟ್ಟವರು ಯಾರ್ರಿ, ಅಧ್ಯಕ್ಷರ?”

ಗುದ್ಲೆಪ್ಪ ಕೇಳಿದ್ದು ಇಷ್ಟೇ. ಪುರಸಭೆಯ ಅಧ್ಯಕ್ಷ ಉಳವಪ್ಪನ ಬಾಯೊಳಗೆ ಎಲೆಯಡಿಕೆ ಅಲ್ಲೇ ನಿಂತಿತು.

“ಹುಲ್ಲು? ಎಂಥಾ ಹುಲ್ಲಪಾ?”

“ನಾಕೂ ಓಣ್ಯಾಗ ಡಂಗುರ ಸಾರಿಸೇನಿ ಅಂತ ಈ ವಹಿಯೊಳಗ ಬರಸೀರಿ. ಹಂಗಾದ್ರ ನಾಕು ಮನ್ಯಾರು ಹುಲ್ಲು ಕೊಟ್ಟಿರಬೇಕಲ್ರಿ. ಹೆಸರು ಹೇಳ್ರಿ.”

ಉಳವಪ್ಪ ಪಕ್ಕದಲ್ಲಿದ್ದ ಕಾರಕೂನ ನೀಲಪ್ಪನ ಮುಖ ನೋಡಿದ. ನೀಲಪ್ಪ ವಹಿ ನೋಡಿದ. ವಹಿಯಲ್ಲಿ ಹುಲ್ಲಿಗೆ ಕಾಲಮ್ಮೇ ಇರಲಿಲ್ಲ.

ಹಾಲಬಾವಿ ಪುರಸಭೆಯ ಅಂಗಳದಲ್ಲಿ ಆ ಮಧ್ಯಾಹ್ನ ಇನ್ನೂರಕ್ಕೂ ಮೇಲೆ ಜನ. ಪುರಸಭೆಯ ಪಾಯಖಾನೆಯ ಗಟಾರು ಪೇಟೆ ಬಾವಿಗೆ ಬಸಿದು, ಕಾಲರಾ ಎದ್ದು, ಹತ್ತೊಂಬತ್ತು ಜನ ಸತ್ತ ಮೇಲೆ ಊರವರು ಕಮೀಟಿ ಕಟ್ಟಿಕೊಂಡಿದ್ದರು. ಮೂರು ದಿನ ಬಾಗಿಲಲ್ಲಿ ಕೂತು ದಫ್ತರವನ್ನು ಜನರೆದುರು ತೆರೆಸಿದ್ದರು. ‘ಬಾವಿ ನೀರು ಕುಡಿಯಬೇಡಿರೆಂದು ನಾನು ಮೊದಲ ದಿನವೇ ಡಂಗುರ ಸಾರಿಸಿದ್ದೆ, ಜನ ಕೇಳಲಿಲ್ಲ’ ಎಂಬುದು ಉಳವಪ್ಪನ ಜವಾಬು. ಅದು ಖರೆಯೋ ಸುಳ್ಳೋ ಹೇಳಬೇಕಾದವನು ಡಂಗುರದ ಲಕ್ಕಪ್ಪ. ಅವನ ಹೆಣ ಅದೇ ಬಾವಿಯಲ್ಲಿ ತೇಲಿ ಇವತ್ತಿಗೆ ಐದು ದಿನ.

ನಾಳೆ ಬೆಳಿಗ್ಗೆ ಸವಣೂರಿನಿಂದ ಪ್ರಾಂತಸಾಹೇಬರು ಚೌಕಶಿಗೆ ಬರುವವರಿದ್ದರು. ಅವರು ಬರೆದುಕೊಂಡು ಹೋದದ್ದೇ ಕಾಯಂ. ಲಕ್ಕಪ್ಪ ಸಾರಿದ್ದ ಎಂದಾದರೆ ಕುಡಿದು ಸತ್ತವರದೇ ತಪ್ಪು. ಅಪ್ಪಣೆ ಪಡೆದೂ ಸಾರಲಿಲ್ಲ ಎಂದಾದರೆ ಹತ್ತೊಂಬತ್ತು ಹೆಣ ಲಕ್ಕಪ್ಪನ ತಲೆಯ ಮೇಲೆ. ಯಾವುದಾದರೂ ಪುರಸಭೆಯ ಕೈ ತೊಳೆದ ಕೈ.

ಲಕ್ಕಪ್ಪನ ಹೆಂಡತಿ ಹುಚ್ಚವ್ವ ಅಂಗಳದ ಹೊರಗೆ, ಬೇವಿನ ಬುಡದಲ್ಲಿ ಕೂತಿದ್ದಳು. ಮಡಿಲಲ್ಲಿ ಗಂಡನ ಹಲಗಿ. ಒಳಗೆ ಬಾ ಎಂದು ಪುರಸಭೆಯವರು ಕರೆದಿರಲಿಲ್ಲ. ನ್ಯಾಯ ಕೇಳಲು ಬಂದ ಕಮೀಟಿಯವರೂ ಕರೆದಿರಲಿಲ್ಲ. ಹಾಯುವವರು ಅವಳತ್ತ ಉಗುಳಿ ಹಾಯುತ್ತಿದ್ದರು. ಅವಳು ಗುದ್ಲೆಪ್ಪನ ಹತ್ತಿರ ಬೇಡಿಕೊಂಡದ್ದು ಒಂದೇ ಮಾತು: “ಅಂವ ಸತ್ತಾ, ಹೋಗ್ಲಿ. ಆದ್ರ ಊರ ಮಂದೀನ ಕೊಂದಾಂವ ಅಂತ ಸರ್ಕಾರದ ಕಾಗದದಾಗ ಬರಿಯಾಕ ಬಿಡಬ್ಯಾಡ್ರಿ, ಅಣ್ಣಾರ.”

ಗುದ್ಲೆಪ್ಪ ಹಿಂದೆ ಪೊಲೀಸ್ ಹವಾಲ್ದಾರ. ಕಂಡದ್ದನ್ನು ಕಂಡ ಹಾಗೇ ಪಂಚನಾಮೆಯಲ್ಲಿ ಬರೆದು ನೌಕರಿ ಕಳೆದುಕೊಂಡವನು. ಶಿಗ್ಗಾವಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವನನ್ನು ಕಮೀಟಿಯ ಮುಖಂಡ ಕರಬಸಪ್ಪ ತಾನೇ ಹೋಗಿ ಕರೆತಂದಿದ್ದ. “ನಮಗ ನಿನ್ನ ಸಿಟ್ಟು ಬೇಕಾಗೇತಿ, ಹವಾಲ್ದಾರ” ಎಂದಿದ್ದ. ತನ್ನ ಹಿತ್ತಲಲ್ಲಿ ಮಲಗಲು ಜಾಗ ಕೊಟ್ಟಿದ್ದ.

ಆ ಸಿಟ್ಟು ಈಗ ಎದ್ದು ನಿಂತಿತ್ತು.

“ಅಧ್ಯಕ್ಷರಿಗೆ ಹುಲ್ಲು ಗೊತ್ತಿಲ್ಲ!” ಗುದ್ಲೆಪ್ಪ ಜನರತ್ತ ತಿರುಗಿದ. “ನಿಮಗ ಗೊತ್ತೈತೇನ್ರೆಪಾ?”

ಗೊತ್ತಿಲ್ಲದೇ ಏನು! ಹಲಗಿ ಎಂದರೆ ಚರ್ಮ. ಕಾಯಿಸಿ ಬಿಗಿ ಮಾಡದಿದ್ದರೆ ಅದು ಕೂಗುವುದಿಲ್ಲ, ಕೆಮ್ಮುತ್ತದೆ. ಪ್ರತಿ ಓಣಿಯ ಬಾಯಲ್ಲೂ ಮತ್ತೆ ಕಾಯಿಸಬೇಕು. ಡಂಗುರದವನು ಬೆಂಕಿಯನ್ನು ಕಂಕುಳಲ್ಲಿಟ್ಟುಕೊಂಡು ತಿರುಗುತ್ತಾನೆಯೇ? ಓಣಿಯ ಮೊದಲ ಮನೆಯ ಮುಂದೆ ದೂರ ನಿಂತು “ಅವ್ವಾ, ಹಲಗಿಗಿ ಹುಲ್ಲ” ಎಂದು ಕೂಗುತ್ತಾನೆ. ಆ ಮನೆಯ ಹೆಣ್ಣುಮಗಳು ಒಂದು ಹಿಡಿ ಹುಲ್ಲಿಗೆ ಕೆಂಡ ಇಟ್ಟು ಅಂಗಳದಾಚೆ ಎಸೆಯುತ್ತಾಳೆ. ಕೈಗೆ ಕೊಡುವುದಿಲ್ಲ. ಕೊಟ್ಟರೆ ಮೈಲಿಗೆ. ಅಜ್ಜನ ಕಾಲದಿಂದ ಊರು ಕಂಡದ್ದು ಇದು. ಕುರ್ಚಿಯ ಮೇಲೆ ಕೂತವರು ಡಂಗುರ ಸಾರಿಸಿದ್ದರೇ ಹೊರತು ಡಂಗುರದವನನ್ನು ನೋಡಿರಲಿಲ್ಲ.

“ಕುಂಬಾರ ಓಣಿ, ಮೊದಲನೇ ಮನಿ!” ಗುದ್ಲೆಪ್ಪ ಕೂಗಿದ.

ದಾನವ್ವ ಎದ್ದಳು. ಗಂಡನನ್ನು ಮಣ್ಣಿಗಿಟ್ಟು ಹನ್ನೊಂದು ದಿನ. “ನಮ್ಮನಿಗಿ ಲಕ್ಕಪ್ಪ ಬಂದಿಲ್ರಿ.”

“ಕೆಳಗಿನ ಓಣಿ!”

ಮುದುಕಿ ಗುತ್ತೆವ್ವ ಕೂತಲ್ಲಿಂದಲೇ ಕೋಲು ಎತ್ತಿದಳು. “ಕೊಟ್ಟಿದ್ರ ನಾ ಮರೀತಿದ್ನೇನೋ ಉಳವ್ಯಾ? ನೀ ಹುಟ್ಟಿದ ದಿನ ನಿಮ್ಮವ್ವಗ ನೀರು ಕಾಸಿ ಎರದಾಕಿ ನಾನು. ಅದೂ ನೆನಪೈತಿ. ಆವತ್ತಿನ ನೀರು ಚೊಲೋದಿತ್ತು. ಅದಕ್ಕ ನೀ ಬದಕಿದಿ.”

ಜನ ನಕ್ಕರು. ಆ ನಗೆಯಲ್ಲಿ ಹಲ್ಲು ಮಾತ್ರ ಇತ್ತು.

“ಮಸೂತಿ ಓಣಿ!”

ಮುಮ್ತಾಜಬೇಗಂ ಸೆರಗಿನ ಕೆಳಗೆ ಏನನ್ನೋ ಮುಚ್ಚಿ ಹಿಡಿದುಕೊಂಡು ನಿಂತಿದ್ದಳು. “ಅಲ್ಲಾನ ಆಣಿ, ಹಲಗಿ ಸಪ್ಪಳಾನ ಬಂದಿಲ್ಲ. ಬಂದಿದ್ರ ನಮ್ಮ ನಸೀರಾಗ ಆ ನೀರು ಕುಡಸ್ತಿದ್ನೇನ್ರಿ ನಾನು? ನನ್ನ ಕೈಲೆ ಕುಡಸೇನಿ. ಈ ಕೈಲೆ.”

ಯಾರೂ ನಗಲಿಲ್ಲ.

“ಪೇಟೆ ಓಣಿ!”

ಪೇಟೆ ಓಣಿಯ ಮೊದಲ ಮನೆ ಕರಬಸಪ್ಪನದೇ. ಅವನ ಹೆಂಡತಿ ಸುಶೀಲವ್ವ ಹೆಂಗಸರ ಸಾಲಿನ ಕೊನೆಗೆ ನಿಂತಿದ್ದಳು. ಬಾಯಿ ತೆರೆದಳು. ಗಂಡನತ್ತ ನೋಡಿದಳು. ಕರಬಸಪ್ಪ ಬಿಳಿ ಟೊಪ್ಪಿಗೆಯನ್ನು ತೆಗೆದು, ಝಾಡಿಸಿ, ಮತ್ತೆ ಇಟ್ಟುಕೊಂಡ.

“ನಮ್ಮನ್ಯಾಗ… ಯಾರೂ ಕೊಟ್ಟಿಲ್ರಿ.”

“ಕೇಳಿದ್ರೇನ್ರಿ, ಅಧ್ಯಕ್ಷರ?” ಗುದ್ಲೆಪ್ಪ ಮೇಜಿನ ಮೇಲೆ ಎರಡೂ ಕೈ ಊರಿದ. “ಹುಲ್ಲಿಲ್ಲ, ಬೆಂಕಿ ಇಲ್ಲ, ಹಲಗಿ ಇಲ್ಲ. ಡಂಗುರ ಮಾತ್ರ ಆಗೇತಿ. ಯಾರು ಸಾರಿದ್ರು? ನೀಲಪ್ಪನ ಲೆಕ್ಕಣಿಕಿ ಸಾರಿತೇನು?”

ನೀಲಪ್ಪ ಅಳುವ ದನಿಯಲ್ಲಿ ವಹಿಯನ್ನು ಮುಂದೆ ತಳ್ಳಿದ. “ಹೆಬ್ಬಟ್ಟು ಅವಂದ ಐತ್ರಿ! ಅಪ್ಪಣೆ ಮುಟ್ಟೇತಿ ಅಂತ ಆವತ್ತು ಮುಂಜಾನೆ ನನ್ನ ಮುಂದನ ಒತ್ಯಾನ. ನೋಡ್ರಿ, ಬೇಕಾದ್ರ ನೋಡ್ರಿ!”

ಗುದ್ಲೆಪ್ಪ ಬಾಗಿ ನೋಡಿದ.

ಎಡಗೈ ಹೆಬ್ಬೆರಳು. ನಡುವೆ ಅಡ್ಡಡ್ಡ ಸೀಳಿದ ಹಳೆಯ ಕುಡುಗೋಲಿನ ಗಾಯ. ಲಕ್ಕಪ್ಪನ ಹೆಣ ಮೇಲೆತ್ತಿದ ದಿನ ಅವನು ಆ ಬೆರಳನ್ನು ಕೈಯಲ್ಲಿ ಹಿಡಿದು ನೋಡಿದ್ದ. ಹೆಬ್ಬಟ್ಟು ಖರೆಯದು. ಕೆಳಗಿನ ನಾಲ್ಕು ಓಣಿಯ ಹೆಸರು ಮಾತ್ರ ಬೇರೆ ಮಸಿಯಲ್ಲಿ, ಆಮೇಲೆ ಬರೆದದ್ದು.

ಹಳೆಯ ಹವಾಲ್ದಾರನಾಗಿದ್ದರೆ ಇದನ್ನು ಕಂಡ ಹಾಗೇ ಕೂಗಿ ಹೇಳುತ್ತಿದ್ದ. ಇವತ್ತು ಅವನು ವಹಿಯನ್ನು ಮುಚ್ಚಿದ. ಹೆದರಿಸಿ ಒತ್ತಿಸಿರಬೇಕು ಎಂದುಕೊಂಡ. ಉಳವಪ್ಪ ಕೆಳಗೆ ಬೀಳುವುದನ್ನು ಅವನು ನೋಡಬೇಕಾಗಿತ್ತು. ಇನ್ನು ಒಂದೇ ಏಟು ಬೇಕಿತ್ತು.

“ಲಕ್ಕಪ್ಪ ನೀರು ಕುಡಿಯಾಕ ಇಳದು ಜಾರಿ ಬಿದ್ದಾ ಅಂತೀರಿ. ಅಂವ ಹುಟ್ಟಿದಾಗಿಂದ ಆ ಬಾವಿ ಮೆಟ್ಟಲ ತುಳದಾಂವೇನ್ರಿ? ತುಳಿಯಾಕ ನೀವು ಬಿಟ್ಟೀರೇನ್ರಿ? ಅವನ ಕೆರ ಎಲ್ಲಿ ಸಿಕ್ವು? ಬಾವಿಯಿಂದ ಇಪ್ಪತ್ತು ಮಾರು ಆಚೆ, ಜೋಡಿಸಿ ಇಟ್ಟಿದ್ದ. ಮರ್ಯಾದಿಲೆ ಬಂದಾಂವ. ಯಾರೋ ಮ್ಯಾಲ ಬಾ ಅಂದಾರ, ಹತ್ಯಾನ. ಕರದವರು ಯಾರು?”

“ಉಳವ್ಯಾ!” ಎಂದಿತು ಅಂಗಳ. ಇನ್ನೂರು ಬಾಯಿ, ಒಂದೇ ಹೆಸರು.

ಉಳವಪ್ಪ ಎದ್ದು ನಿಂತ. ಇಡೀ ಊರನ್ನು ಆರು ವರ್ಷ ಕಿರುಬೆರಳಲ್ಲಿ ಕುಣಿಸಿದ ಮನುಷ್ಯನ ಧೋತರ ಹಿಂದೆ ಬಿಚ್ಚಿ ಜೋತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

“ಗಟಾರ ದುರಸ್ತಿ ಮಾಡಸಲಿಲ್ಲ, ಖರೆ. ಎರಡು ವರ್ಷ ಮುಂದ ಹಾಕಿದೆ, ಖರೆ. ಅದಕ್ಕ ಏನು ಮಾಡ್ತೀರಿ ಮಾಡ್ರಿ. ಓಣಿ ಹೆಸರು ಆಮ್ಯಾಲ ಬರಸಿದ್ದೂ ಖರೆ. ಹೆದರಿ ಬರಸಿದೆ. ಆದ್ರ ಡಂಗುರಕ್ಕ ಹೇಳೇನ್ರಪಾ! ನನ್ನ ಮಕ್ಕಳ ಆಣಿ, ಹೇಳೇನಿ. ಹಲಗಿ ಕಂಕಳಾಗ ಇಟಗೊಂಡು ಪೇಟೆ ಓಣಿ ಕಡೆ ಹೋದಾ. ಕಣ್ಣಾರೆ ನೋಡೇನಿ. ಮುಂದ ಏನಾತೋ ನನಗ ಗೊತ್ತಿಲ್ಲ!”

“ಸತ್ತಾವನ ಮ್ಯಾಲ ಹಾಕ್ತಾನ ನೋಡ್ರಿ!”

“ಹೆಣದ ಮ್ಯಾಲ ಹೆಣ ಹೇರ್ತಾನ!”

ಮುಮ್ತಾಜಬೇಗಂ ನಡೆದು ಬಂದಳು. ಜನ ದಾರಿ ಬಿಟ್ಟರು. ಸೆರಗು ಸರಿಸಿದಳು. ಹಿತ್ತಾಳೆಯ ತಂಬಗಿ. ಅಂಚಿನವರೆಗೆ ನೀರು.

“ಪೇಟೆ ಬಾವೀದು,” ಎಂದಳು. “ಇವತ್ತ ಸೇದಿ ತಂದೇನಿ. ನಸೀರಾ ಕುಡದ ತಂಬಗಿ ಇದ. ಕುಡೀರಿ, ಅಧ್ಯಕ್ಷರ.”

ಜನ ಮೇಜಿನ ಸುತ್ತ ಒತ್ತರಿಸಿ ಬಂದರು.

“ಬ್ಯಾಡ್ರೆಪಾ, ಕಾಯ್ದೆ ಐತಿ,” ಎಂದ ಕರಬಸಪ್ಪ, ಮೆಲ್ಲಗೆ, ಹಾಲು ಉಕ್ಕದಂತೆ ಊದುವ ದನಿಯಲ್ಲಿ. ಕೈ ಮಾತ್ರ ಎತ್ತಲಿಲ್ಲ. ಕೂತ ಜಾಗ ಬಿಟ್ಟು ಏಳಲಿಲ್ಲ.

ಇಬ್ಬರು ಉಳವಪ್ಪನ ರಟ್ಟೆ ಹಿಡಿದರು. ಒಬ್ಬ ಮೂಗು ಹಿಡಿದ. ದಾನವ್ವ ಗದ್ದ ಹಿಡಿದಳು, ಕೂಸಿಗೆ ಔಷಧ ಹಾಕುವ ಹಾಗೆ, ಅಷ್ಟೇ ಜೋಪಾನವಾಗಿ. ನೀರು ಎದೆಗೆ ಚೆಲ್ಲಿತು, ಒಳಗೂ ಹೋಯಿತು. ಅವನ ಗಂಟಲು ಮೂರು ಸಲ ಏರಿ ಇಳಿಯಿತು.

ಗುದ್ಲೆಪ್ಪ ಎಣಿಸಿದ. ತಡೆಯಲಿಲ್ಲ. ತಡೆಯಬೇಕು ಅನ್ನಿಸಲೂ ಇಲ್ಲ. ಹತ್ತೊಂಬತ್ತು ಮಂದಿ ಗುಟುಕಿಸಿದ್ದನ್ನು ಈತ ಮೂರು ಗುಟುಕು ಕುಡಿದರೆ ಏನಾಯಿತು?

ಉಳವಪ್ಪ ಗೋಡೆ ಹಿಡಿದುಕೊಂಡು, ಬೆರಳನ್ನು ಗಂಟಲಿಗೆ ಹಾಕಿ ಕಕ್ಕುತ್ತ ಹೊರಗೆ ಹೋದ. ಕೆಲವರು ಅವನ ಹಿಂದೆ ಕೇಕೆ ಹಾಕುತ್ತ ಹೋದರು.

ಒಳಗೆ ಹಾರ ಬಂತು. ಕರಬಸಪ್ಪನ ಕೊರಳಿಗೆ ಒಂದು. “ಇನ್ನೆರಡು ತಿಂಗಳಿಗೆ ಇಲೆಕ್ಷನ್ ಐತಿ, ಆ ಕುರ್ಚಿ ನಿಮ್ಮದ ರೀ!” ಎಂದು ಯಾರೋ ಕೂಗಿದರು. ಕರಬಸಪ್ಪ ಕೈಮುಗಿದು, ಬೇಡ ಬೇಡ ಎಂದು ತಲೆಯಾಡಿಸಿದ. ಇನ್ನೊಂದು ಹಾರ ಹಿಡಿದು ಗುದ್ಲೆಪ್ಪನನ್ನು ಹುಡುಕಿದರು. ಅವನು ಅಲ್ಲಿರಲಿಲ್ಲ.

ಬೇವಿನ ಬುಡದಲ್ಲಿ ಹುಚ್ಚವ್ವ ಹಾಗೇ ಕೂತಿದ್ದಳು.

“ಗೆದ್ರೇನ್ರಿ, ಅಣ್ಣಾರ?”

“ನಿನ್ನ ಗಂಡ ಸಾರಲಿಲ್ಲ ಅಂತ ಆತು. ಅಪ್ಪಣೆನ ಮುಟ್ಟಿದ್ದಿಲ್ಲ ಅಂತ ನಾಳೆ ಸಾಹೇಬರಿಗೆ ಹೇಳೂಣು.” ಹೇಳುತ್ತಿದ್ದಂತೆ ಆ ಅಡ್ಡ ಗಾಯದ ಹೆಬ್ಬಟ್ಟು ಅವನ ಕಣ್ಣೆದುರಿಗೆ ಬಂತು. “ಹಲಗಿ ಕೊಡಿಲ್ಲೆ, ಹುಚ್ಚವ್ವ.”

ಅವಳು ಹಲಗಿಯನ್ನು ನೆಲದ ಮೇಲಿಟ್ಟು ಕೈ ಹಿಂದೆಗೆದುಕೊಂಡಳು. ಕೈಯಿಂದ ಕೈಗೆ ಕೊಡುವ ರೂಢಿ ಅವಳಿಗೂ ಇರಲಿಲ್ಲ.

ಗುದ್ಲೆಪ್ಪ ಅದನ್ನು ತಿರುವಿದ. ಬಾರಿಸುವ ಎರಡು ಕೋಲು ಹಲಗಿಯ ಸುತ್ತಿನ ಬಳೆಗೆ ಕಟ್ಟಿದ ಹಾಗೇ ಇದ್ದವು. ಗಂಟು ಬಿಚ್ಚಿರಲಿಲ್ಲ. ಆದರೆ ಹಿಂಬದಿಯ ಚರ್ಮಕ್ಕೆ ಹೊಗೆ ಹಿಡಿದಿತ್ತು. ಬೆರಳಿಗೆ ಕಪ್ಪು ಹತ್ತಿತು.

“ಇದನ್ನ ಒರಸೂದಿಲ್ಲೇನು?”

“ಅಯ್ಯ, ಒರಸದ ಗೂಟಕ್ಕ ಹಾಕಾಂವ ಅಲ್ರಿ ಅಂವ. ಎಣ್ಣಿ ಅರಬಿಲೆ ದಿನಾ ಮೈ ತಿಕ್ಕಿದಂಗ ತಿಕ್ಕಾಂವ. ನನ್ನ ಮೈಗಿ ಎಣ್ಣಿ ಇಲ್ಲಾಂದ್ರೂ ಅದಕ್ಕ ಇತ್ತು. ನಾ ದುಂಡಸಿಗೆ ತಂಗಿ ಬಾಣಂತನಕ್ಕ ಹೋಗಿದ್ನೆಲ್ರಿ, ಊರಾಗ ಬ್ಯಾನಿ ಬಿದ್ದ ಸುದ್ದಿ ಕೇಳಿ ಓಡಿ ಬಂದೆ. ಬಂದಾಗ ಹಿಂಗ ತೂಗಾಡಾಕತ್ತಿತ್ತು. ಮುಟ್ಟಿಲ್ಲ ಅಂವ ಆಮ್ಯಾಲ. ಉಂಡಿಲ್ಲ. ‘ಅವರ ಮಾತು ಕೇಳಬಾರದಿತ್ತು, ಹುಚ್ಚಿ’ ಅಂತ ಒಂದ ಸಮನ ಅಂದಾ.”

“ಯಾರ ಮಾತು?”

“ದೊಡ್ಡವರ ಹೆಸರು ನಮ್ಮ ಬಾಯಾಗ ಬರ್ತಾವೇನ್ರಿ? ಅಧ್ಯಕ್ಷರು ಇರಬೇಕು ಅಂದಕೊಂಡೆ.”

ಚರ್ಮ ಬಿಗಿದ ಹುರಿಯ ಸಂದಿಯಲ್ಲಿ ಏನೋ ಸಿಕ್ಕಿತ್ತು. ಗುದ್ಲೆಪ್ಪ ಉಗುರಿನಿಂದ ಎಳೆದ. ಗೇಣುದ್ದದ ಹುಲ್ಲುಕಡ್ಡಿ, ತುದಿ ಸುಟ್ಟು ಕರಕಾದದ್ದು. ಹಳದಿ, ಸಣ್ಣದು, ಮೆತ್ತಗೆ.

“ಇದು ಯಾವ ಹುಲ್ಲು?”

ಹುಚ್ಚವ್ವ ಬಾಗಿ ನೋಡಿದಳು. “ಭತ್ತದ್ದಲ್ರಿ?” ಎಂದು ಹುಬ್ಬು ಗಂಟಿಕ್ಕಿದಳು. “ನಮ್ಮೂರಾಗ ಎಲ್ಲಿ ಭತ್ತ, ಅಣ್ಣಾರ? ಜ್ವಾಳದ ಕಣಕಿ ಬಿಟ್ರ ಮತ್ತೇನೈತಿ ಈ ಎರಿ ಹೊಲದಾಗ? ಭತ್ತ ಅಂದ್ರ ಹಾನಗಲ್ಲ ಕಡೆ.”

ಗುದ್ಲೆಪ್ಪ ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿದ.

ಹಾನಗಲ್ಲ ಕಡೆ ಗದ್ದೆ ಇದ್ದ ಮನೆ ಈ ಊರಲ್ಲಿ ಒಂದೇ. ಅದರ ಹಿತ್ತಲಲ್ಲಿ ಭತ್ತದ ಹುಲ್ಲಿನ ಬಣವೆ ಇತ್ತು. ಆರು ರಾತ್ರಿಯಿಂದ ಅವನು ಮಲಗಿದ್ದು ಅದರ ಮೇಲೆ. ಎದ್ದು ಅಂಗಿ ಝಾಡಿಸಿದಾಗೆಲ್ಲ ಉದುರಿದ್ದು ಇದೇ ಕಡ್ಡಿ.

ಎಲ್ಲ ಒಂದರ ಹಿಂದೆ ಒಂದು ಬಂತು. ಹೆಬ್ಬಟ್ಟು ಖರೆ. ಅಪ್ಪಣೆ ಖರೆ. ಲಕ್ಕಪ್ಪ ಹಲಗಿ ಹಿಡಿದು ಪೇಟೆ ಓಣಿಗೆ ಹೋದದ್ದು ಖರೆ. ಮೊದಲ ಮನೆಯವರು ಹುಲ್ಲು ಎಸೆದರು, ಅವನು ಕಾಯಿಸಿದ. ಕೋಲು ಬಿಚ್ಚುವ ಮೊದಲು ಆ ಮನೆಯಿಂದಲೇ ಒಂದು ಮಾತು ಬಂತು: ಡಂಗುರ ರದ್ದಾಗಿದೆ, ಮನೆಗೆ ಹೋಗು. ದೊಡ್ಡವರ ಮಾತು. ಮೀರಲಿಲ್ಲ. ಊರು ನೀರು ಕುಡಿಯಿತು.

ಉಳವಪ್ಪನ ಗಟಾರು ವಿಷ ಕೊಟ್ಟಿತ್ತು. ಎಚ್ಚರಿಸುವ ಬಾಯನ್ನು ಮುಚ್ಚಿದ್ದು, ಆಮೇಲೆ ಲಕ್ಕಪ್ಪನನ್ನು ಬಾವಿಗೆ ಕರೆದದ್ದು ಬೇರೆ ಕೈ. ಎಷ್ಟು ಹೆಣ ಬಿದ್ದರೆ ಒಂದು ಕುರ್ಚಿ ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದ ಕೈ.

ಸುಶೀಲವ್ವನ ತೆರೆದ ಬಾಯಿ ನೆನಪಾಯಿತು. ಟೊಪ್ಪಿಗೆ ಝಾಡಿಸಿದ ಸದ್ದು ನೆನಪಾಯಿತು. ಆ ಮೂರು ಗುಟುಕು ನೆನಪಾದವು. ಖರೆ ಹೇಳುತ್ತಿದ್ದ ಬಾಯಿಗೆ ಊರು ಆ ನೀರು ಹುಯ್ದಿತ್ತು, ಅವನು ನಿಂತು ಎಣಿಸಿದ್ದ. ನಮಗೆ ನಿನ್ನ ಸಿಟ್ಟು ಬೇಕಾಗಿದೆ ಎಂದದ್ದು ಇದಕ್ಕೆ.

“ಹುಚ್ಚವ್ವ, ಏಳು. ನೀ ಈಗಿಂದೀಗ ನನ್ನ ಕೂಡ ಶಿಗ್ಗಾವಿಗಿ…”

“ಹುಚ್ಚವ್ವಾ!”

ಹಾರ ಹಾಕಿಕೊಂಡೇ ಕರಬಸಪ್ಪ ಬರುತ್ತಿದ್ದ. ಹಿಂದೆ ಜನ. ಗುದ್ಲೆಪ್ಪ ಹಲಗಿಯನ್ನು ಅವಳ ಮುಂದಿಟ್ಟು ಕಡ್ಡಿಯನ್ನು ಮುಷ್ಟಿಯೊಳಗೆ ಮುಚ್ಚಿದ.

“ಕೇಳ್ರೆಪಾ ಎಲ್ಲಾರೂ,” ಎಂದ ಕರಬಸಪ್ಪ. “ಈ ಹೆಣ್ಮಗಳಿಗಿ ನಾವು ಅನ್ಯಾಯ ಮಾಡೇವಿ. ಈಕಿ ನಾಳೆ ಸಾಹೇಬರ ಮುಂದ ಸಾಕ್ಷಿ ಹೇಳಾಕಿ. ಉಳವಪ್ಪನ ಮಂದಿ ಸುಮ್ಮನಿರ್ತಾರೇನು? ನಾಳೆತನಕ ಈಕಿ ನಮ್ಮ ಮನ್ಯಾಗ ಇರ್ಲಿ. ನನ್ನ ಗಾಡ್ಯಾಗ ಕುಂತು ಬರ್ಲಿ. ಯಾವ ಮೈಲಿಗಿನೂ ಇಲ್ಲ!”

ಜನ ಚಪ್ಪಾಳೆ ತಟ್ಟಿದರು. ಗುತ್ತೆವ್ವ ಕಣ್ಣೊರೆಸಿಕೊಂಡಳು. ಅಂಥ ಗಾಡಿಯಲ್ಲಿ ಅಂಥವಳು ಕೂತದ್ದನ್ನು ಹಾಲಬಾವಿ ಎಂದೂ ಕಂಡಿರಲಿಲ್ಲ.

“ನಾ ಕರಕೊಂಡು ಹೊಂಟೇನ್ರಿ ಆಕೀನ,” ಎಂದ ಗುದ್ಲೆಪ್ಪ.

“ಸೈಕಲ್ ಮ್ಯಾಲೇನೋ?” ಯಾರೋ ಅಂದರು. ಎಲ್ಲರೂ ನಕ್ಕರು. “ಹೆಂಗಸೀನ ಮುಂದ ಕುಂದ್ರಿಸಿಕೊಂಡು ಹೊಂಟಾನಂತ, ಹವಾಲ್ದಾರ!”

ಗಾಡಿಕಾರ ಫ‌ಕ್ಕೀರಪ್ಪ ಎತ್ತುಗಳನ್ನು ತಿರುಗಿಸಿ ನಿಲ್ಲಿಸಿದ್ದ. ಹುಚ್ಚವ್ವ ಹೆದರುತ್ತ ಹತ್ತಿದಳು. ಹಲಗಿಯನ್ನು ಎದೆಗೆ ಅವುಚಿಕೊಂಡು ಕೂತಳು.

ಯಾವಾಗಲೂ ಆ ಗಾಡಿಯಲ್ಲಿ ಜಮಖಾನೆ ಹಾಸಿರುತ್ತಿತ್ತು. ಮೈಲಿಗೆ ಇಲ್ಲವೆಂದು ಯಜಮಾನ ಭಾಷಣ ಮಾಡುತ್ತಿದ್ದಾಗಲೇ ಫಕ್ಕೀರಪ್ಪ ಅದನ್ನು ಸುತ್ತಿ ತೆಗೆದು ನೊಗದ ಹಿಂದೆ ಇಟ್ಟುಕೊಂಡಿದ್ದ. ಅವಳು ಮುಟ್ಟಬಾರದು ನೋಡಿ. ಯಾರೂ ಹೇಳಿರಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಹೀಗಾಗಿ ಅವಳು ಕೂತದ್ದು ಕೆಳಗೆ ಹಾಸಿದ ಬರಿ ಹುಲ್ಲಿನ ಮೇಲೆ.

ಹಳದಿ, ಸಣ್ಣದು, ಮೆತ್ತಗೆ.

ಗಾಡಿ ಜಗ್ಗಿತು. ಆಸರೆಗೆಂದು ಕೈಯೂರಿದ ಹುಚ್ಚವ್ವನ ಬೆರಳಿಗೆ ಹುಲ್ಲು ಸಿಕ್ಕಿತು. ಒಂದು ಕಡ್ಡಿ ಎತ್ತಿದಳು. ನೋಡಿದಳು. ಆಮೇಲೆ ಗುದ್ಲೆಪ್ಪನ ಮುಚ್ಚಿದ ಮುಷ್ಟಿಯನ್ನು ನೋಡಿದಳು. ಅವಳ ಮುಖದಲ್ಲಿ ಹೆದರಿಕೆ ಇತ್ತಲ್ಲ, ಅದು ಹೋಯಿತು.

ಗುದ್ಲೆಪ್ಪ ಓಡಲು ಹೆಜ್ಜೆ ಎತ್ತಿದ. ಹೆಗಲ ಮೇಲೆ ಒಂದು ಕೈ ಬಿತ್ತು. ಹಾಲಿನಂಥ ದನಿ ಕಿವಿಯ ಹತ್ತಿರ.

“ಮುಷ್ಟ್ಯಾಗ ಏನು ಹಿಡಕೊಂಡಿ, ಹವಾಲ್ದಾರ?”

ಸುತ್ತ ಇನ್ನೂರು ಜನ. ಈಗಷ್ಟೇ ಹಾರ ಹಾಕಿದವರು. ತಂಬಗಿ ಇನ್ನೂ ಅವರ ಕೈಯಲ್ಲಿತ್ತು, ಅರ್ಧ ನೀರಿನ ಸಮೇತ.

“ಬಿಚ್ಚು, ನೋಡೂಣು.”

ಗಾಡಿ ಪೇಟೆ ಓಣಿಯ ತಿರುವಿನಲ್ಲಿ ಮರೆಯಾಯಿತು.

ಆಗ ಕೇಳಿತು. ಕೋಲಿನ ಸದ್ದಲ್ಲ, ಬರಿಗೈ. ಕಾಯಿಸದ ಚರ್ಮ, ಕೆಮ್ಮಿದ ಹಾಗೆ. ಧಪ್. ಧಪ್. ಹೆಂಗಸರು ಹಲಗಿ ಮುಟ್ಟಿ ಬಾರಿಸುವುದಿಲ್ಲ ಈ ಸೀಮೆಯಲ್ಲಿ. ಅಂಗಳದ ಜನರೆಲ್ಲ ಒಮ್ಮೆಗೇ ಅತ್ತ ತಿರುಗಿದರು.

“ಕೇಳ್ರಪ್ಪೋ, ಕೇಳ್ರಿ!” ಹುಚ್ಚವ್ವನ ದನಿ ಗೋಡೆ ಗೋಡೆಗೆ ಬಡಿದು ಬಂತು. “ನನ್ನ ಗಂಡನ ಹಲಗಿಗಿ ಹುಲ್ಲು ಕೊಟ್ಟ ಮನಿ…”

ಧಪ್.

ಮುಂದಿನ ಮಾತು ಬರಲಿಲ್ಲ. ಹಲಗಿಯೂ ನಿಂತಿತು. ಓಣಿಯೊಳಗಿಂದ ಎತ್ತಿನ ಕೊರಳ ಗಂಟೆ ಮಾತ್ರ, ಅವಸರವಿಲ್ಲದೆ, ದೂರ ಹೋಗುತ್ತಿತ್ತು.